ಪರದೆಯ ಕೊನೆಯ ಸಾಲು

ಮಾರ್ಚಿ ತಿಂಗಳು ಬಂತೆಂದರೆ ನಮ್ಮೂರಿನ ಮಹಿಳಾ ಸಮಾಜದಲ್ಲಿ ಒಂದು ಉಪನ್ಯಾಸ ನಡೆಯಲೇಬೇಕು. ಪ್ರಾರ್ಥನೆ, ಸ್ವಾಗತ, ಅತಿಥಿಗಳಿಗೆ ಹಾರ, ಉಪನ್ಯಾಸ, ವಂದನಾರ್ಪಣೆ, ಕೊನೆಗೆ ಉಪ್ಪಿಟ್ಟು, ಕೇಸರಿಬಾತು. ಈ ಪಟ್ಟಿಯಲ್ಲಿ ಉಪನ್ಯಾಸವೊಂದನ್ನು ಬಿಟ್ಟು ಉಳಿದೆಲ್ಲವೂ ನೆನಪಿರುತ್ತದೆ ಎಂದು ನಾವೇ ತಮಾಷೆ ಮಾಡಿಕೊಳ್ಳುವುದುಂಟು. 2016ರ ಮಾರ್ಚಿಯಲ್ಲಿ ಬಂದವರು ಒಬ್ಬ ಡಾಕ್ಟರು. ವಿಷಯ, ಮಹಿಳೆಯರಲ್ಲಿ ಕ್ಯಾನ್ಸರ್. ಅಂದು ಮೊದಲ ಬಾರಿಗೆ ನಮ್ಮ ಸಮಾಜದ ಹಾಲ್‌ನಲ್ಲಿ ಬಿಳಿ ಪರದೆ ಇಳಿಬಿತ್ತು, ಪ್ರೊಜೆಕ್ಟರ್ ಬಂತು, ಕಿಟಕಿಗಳಿಗೆ ಹಳೆಯ ಬೆಡ್‌ಶೀಟು ಕಟ್ಟಿದರು. ಸಿನಿಮಾಕ್ಕೆ ಬಂದ ಹಾಗೆ ಎಲ್ಲರೂ ಸಂಭ್ರಮದಿಂದ ಕುಳಿತೆವು.

ಮಧ್ಯಾಹ್ನ ಮೂರು ಗಂಟೆ. ದೀಪ ಆರಿಸಿದರು, ತಲೆಯ ಮೇಲೆ ಫ್ಯಾನು. ಊಟ ಮಾಡಿ ಬಂದ ಹೆಂಗಸರನ್ನು ಕತ್ತಲೆಯಲ್ಲಿ ಫ್ಯಾನಿನ ಕೆಳಗೆ ಕೂರಿಸಿ ಎಚ್ಚರವಾಗಿರಿ ಎಂದರೆ ಅದು ಯಾವ ನ್ಯಾಯ? ಡಾಕ್ಟರು ನಮಗೆ ಬೆನ್ನು ಹಾಕಿ, ಪರದೆಯ ಕಡೆ ಮುಖ ಮಾಡಿ ಓದತೊಡಗಿದರು. ಪರದೆಯ ಮೇಲೆ ಇದ್ದದ್ದನ್ನೇ ಓದಿದರು. ಓದಿದ್ದನ್ನು ಮತ್ತೆ ಕನ್ನಡದಲ್ಲಿ ಹೇಳಿದರು. ಮೂಲೆಯಲ್ಲಿ ಸಣ್ಣದಾಗಿ ಸ್ಲೈಡಿನ ಸಂಖ್ಯೆ ಕಾಣುತ್ತಿತ್ತು, 72ರಲ್ಲಿ 9, 72ರಲ್ಲಿ 10. ರೈಲಿನಲ್ಲಿ ಕೂತು ಸ್ಟೇಷನ್ ಎಣಿಸುವವಳ ಹಾಗೆ ನಾನು ಆ ಸಂಖ್ಯೆಯನ್ನೇ ನೋಡುತ್ತಿದ್ದೆ. ನನ್ನ ಎಡಗಡೆ ಕೂತಿದ್ದ ಮೂಲೆಮನೆ ಅಕ್ಕ ಇಪ್ಪತ್ತನೆಯ ಸ್ಲೈಡಿನವರೆಗೆ ತಡೆದುಕೊಂಡರು. ಆಮೇಲೆ ಅವರ ತಲೆ ನಿಧಾನವಾಗಿ ನನ್ನ ಹೆಗಲಿಗೆ ಬಂತು. ನಾನೂ ಎಚ್ಚರವಾಗಿದ್ದೆ ಎಂದು ಆಣೆ ಮಾಡಿ ಹೇಳಲಾರೆ.

ಆ ವರ್ಷ ದೀಪಾವಳಿ ಕಳೆದ ಮೇಲೆ ಒಂದು ಸಂಜೆ ಅಕ್ಕ ನಮ್ಮ ಹಿತ್ತಲಿಗೆ ಬಂದರು. ಕರಿಬೇವು ಕೀಳುವ ನೆಪ. ಕಿತ್ತದ್ದನ್ನು ಸೆರಗಿನಲ್ಲಿ ಹಿಡಿದು ಸುಮ್ಮನೆ ನಿಂತರು. ಆಮೇಲೆ ಮೆಲ್ಲಗೆ, “ಎದೇಲಿ ಒಂದು ಗಂಟು ಇದೆ ಕಣೇ. ಗೌರಿ ಹಬ್ಬಕ್ಕೂ ಮುಂಚಿಂದ ಇದೆ,” ಎಂದರು.

“ಅಷ್ಟು ದಿನದಿಂದ ಯಾಕಕ್ಕ ಹೇಳಲಿಲ್ಲ ನೀವು?”

“ನೋವೇ ಇರಲಿಲ್ಲವಲ್ಲೇ. ನೋವಿದ್ದರೆ ತಾನೇ ಭಯ? ಡಾಕ್ಟರು ಹಾಗೇ ಅಂದ ಹಾಗಿತ್ತು.”

ಡಾಕ್ಟರು ಹಾಗೆ ಅಂದಿರಲಿಲ್ಲ. ಸಮಾಜದ ಕಾರ್ಯದರ್ಶಿಯ ಬಳಿ ಆ ಉಪನ್ಯಾಸದ ಸ್ಲೈಡುಗಳ ಒಂದು ಪ್ರತಿ ಇತ್ತು. ಮನಸ್ಸು ತಡೆಯದೆ ತಂದು ಮಗಳ ಕಂಪ್ಯೂಟರಿನಲ್ಲಿ ಒಂದೊಂದೇ ತೆರೆದು ನೋಡಿದೆ. ನಲವತ್ತಮೂರನೆಯ ಸ್ಲೈಡಿಗೆ ‘ರೋಗಲಕ್ಷಣಗಳು’ ಎಂದು ತಲೆಬರಹ. ಕೆಳಗೆ ಹನ್ನೊಂದು ಸಾಲು. ಮೊದಲ ಸಾಲಿಗೆ ಒಂದು ದೊಡ್ಡ ಚುಕ್ಕೆ, ಅದರ ಕೆಳಗೆ ಸಣ್ಣ ಗೆರೆ, ಗೆರೆಯ ಕೆಳಗೆ ಇನ್ನೂ ಸಣ್ಣ ಚುಕ್ಕೆ. ಆ ಕಟ್ಟಕಡೆಯ, ಎಲ್ಲಕ್ಕಿಂತ ಚಿಕ್ಕ ಅಕ್ಷರದ ಸಾಲಿನಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು: ಗಂಟು ಬಹುಮಟ್ಟಿಗೆ ನೋವಿಲ್ಲದ್ದಾಗಿರುತ್ತದೆ.

ಅಲ್ಲಿತ್ತು. ಹೇಳಿರಲಿಲ್ಲ ಎನ್ನುವಂತಿಲ್ಲ. ಆದರೆ ತಲುಪಿತ್ತು ಎಂದೂ ಹೇಳುವಂತಿಲ್ಲ. ಆ ಒಂದು ಸಾಲು ಹೇಳಲಿಕ್ಕೇ ಅವರು ಮೂವತ್ತು ಮೈಲಿ ಕಾರಿನಲ್ಲಿ ಬಂದಿದ್ದರು, ಅದನ್ನು ಕೇಳಲಿಕ್ಕೇ ನಾವು ಕೂತಿದ್ದೆವು. ಅದೇ ಸಾಲು ನಮ್ಮ ಕಣ್ಣೆದುರಿಗೇ ಹಾದು ಹೋಗಿತ್ತು.

ಅಕ್ಕನಿಗೆ ಆಪರೇಷನ್ ಆಯಿತು, ಕಿಮೋ ಆಯಿತು, ಮಾರುದ್ದದ ಜಡೆ ಹೋಯಿತು. ಕೆಲವು ತಿಂಗಳು ಮೊದಲೇ ಬಂದಿದ್ದರೆ ಇಷ್ಟೆಲ್ಲ ಬೇಕಾಗುತ್ತಿರಲಿಲ್ಲವೇನೋ ಎಂದು ಆಸ್ಪತ್ರೆಯಲ್ಲಿ ಹೇಳಿದ ಮಾತು ನನ್ನನ್ನು ಬಹಳ ದಿನ ಕಾಡಿತು. ಡಾಕ್ಟರನ್ನು ಬೈಯಲು ಮನಸ್ಸಾಗಲಿಲ್ಲ. ಒಳ್ಳೆಯ ಮನುಷ್ಯ, ಸಂಭಾವನೆ ಕೂಡ ತೆಗೆದುಕೊಂಡಿರಲಿಲ್ಲ. ತಪ್ಪು ಅವರು ಹಿಡಿದ ಸಲಕರಣೆಯಲ್ಲಿದೆಯೇ, ಹಿಡಿದ ರೀತಿಯಲ್ಲಿದೆಯೇ ಎಂದು ಯೋಚಿಸತೊಡಗಿದೆ. ಕಥೆಯನ್ನೂ ನಾಟಕವನ್ನೂ ವಿಮರ್ಶೆ ಮಾಡುವ ನಾವು ಈ ಸ್ಲೈಡಿನ ಆಟವನ್ನು ಮಾತ್ರ ಯಾಕೆ ಸುಮ್ಮನೆ ಬಿಟ್ಟಿದ್ದೇವೆ?

ನಾನು ಮೇಷ್ಟರಾಗಿದ್ದವಳು. ತೊಂಬತ್ತರ ದಶಕದ ತರಬೇತಿಗಳಲ್ಲಿ ನಮಗೆ ಓಎಚ್‌ಪಿ ಎಂಬ ಯಂತ್ರ ತೋರಿಸಿದ್ದರು. ಪಾರದರ್ಶಕ ಹಾಳೆಯ ಮೇಲೆ ಸ್ಕೆಚ್ ಪೆನ್ನಿನಲ್ಲಿ ಕೈಯಿಂದ ಬರೆಯಬೇಕು. ಕೈ ನೋಯುತ್ತಿತ್ತು, ಹಾಳೆಗೆ ದುಡ್ಡಾಗುತ್ತಿತ್ತು. ಹಾಗಾಗಿ ಬೇಕಾದಷ್ಟೇ ಬರೆಯುತ್ತಿದ್ದೆವು. ಇಂಥ ಹಾಳೆಗಳನ್ನು ಕಂಪ್ಯೂಟರಿನಲ್ಲಿ ಸುಲಭವಾಗಿ ತಯಾರಿಸಲೆಂದೇ ಪವರ್‌ಪಾಯಿಂಟ್ ಹುಟ್ಟಿದ್ದು. ಕ್ಯಾಲಿಫೋರ್ನಿಯಾದ ಫೋರ್‌ಥಾಟ್ ಎಂಬ ಸಣ್ಣ ಕಂಪನಿಯಲ್ಲಿ ರಾಬರ್ಟ್ ಗ್ಯಾಸ್ಕಿನ್ಸ್, ಡೆನ್ನಿಸ್ ಆಸ್ಟಿನ್ ಮೊದಲಾದವರು ಸೇರಿ ಮಾಡಿದ್ದು 1987ರಲ್ಲಿ ಮಾರುಕಟ್ಟೆಗೆ ಬಂತು. ಅದೇ ವರ್ಷ ಮೈಕ್ರೋಸಾಫ್ಟ್ ಆ ಕಂಪನಿಯನ್ನು 1.4 ಕೋಟಿ ಡಾಲರಿಗೆ ಕೊಂಡಿತು. ಕೈನೋವೂ ಹೋಯಿತು, ಹಾಳೆಯ ಖರ್ಚೂ ಹೋಯಿತು. ಜೊತೆಗೆ ಸಂಕೋಚವೂ ಹೋಯಿತು ಎನ್ನುವುದು ನನ್ನ ದೂರು. ಬರೆಯುವುದು ಸುಲಭವಾದ ಮೇಲೆ ಬಿಡುವುದು ಕಷ್ಟವಾಯಿತು.

ಇದು ನಮ್ಮೂರಿನ ಹಾಲ್‌ನ ಸಮಸ್ಯೆ ಮಾತ್ರ ಅಂದುಕೊಂಡಿದ್ದೆ. ಆದರೆ ಕಲ್ಪನಾ ಚಾವ್ಲಾ ಅವರ ಸಾವಿನ ವಿಚಾರ ಓದುವಾಗ ಬೆಚ್ಚಿಬಿದ್ದೆ. ಕೊಲಂಬಿಯಾ ನೌಕೆ 2003ರ ಜನವರಿ 16ರಂದು ಹಾರಿತು. ಮೇಲೇರುವಾಗಲೇ ಇಂಧನದ ತೊಟ್ಟಿಯಿಂದ ಕಳಚಿದ ಫೋಮ್‌ನ ಒಂದು ತುಂಡು ನೌಕೆಯ ಎಡರೆಕ್ಕೆಗೆ ಬಡಿಯಿತು. ನೌಕೆ ಇನ್ನೂ ಆಕಾಶದಲ್ಲಿದ್ದಾಗಲೇ ಆ ಪೆಟ್ಟಿನಿಂದ ಅಪಾಯವಿದೆಯೇ ಎಂದು ಇಂಜಿನಿಯರುಗಳು ಲೆಕ್ಕ ಹಾಕಿ, ಮೇಲಿನವರಿಗೆ ಸ್ಲೈಡುಗಳಲ್ಲಿ ವರದಿ ಒಪ್ಪಿಸಿದರು. ಅವುಗಳಲ್ಲಿ ಒಂದು ಸ್ಲೈಡು ಈಗ ಜಗತ್ತಿನಲ್ಲೇ ಕುಖ್ಯಾತ. ಅದರ ತಲೆಬರಹ ಓದಿದರೆ ಹೆದರಬೇಕಾದ್ದೇನೂ ಇಲ್ಲ ಎಂಬ ಭಾವನೆ ಬರುತ್ತದೆ. ಕೆಳಗೆ ಚುಕ್ಕೆ, ಗೆರೆ, ಮರಿಚುಕ್ಕೆ. ತೀರಾ ಕೊನೆಯ ಸಾಲಿನಲ್ಲಿ, ಅತಿ ಒಳಗಿನ ಚುಕ್ಕೆಯ ಕೆಳಗೆ, ಹೇಳಬೇಕಾದ ಮಾತು: ಪರೀಕ್ಷೆ ಮಾಡಿದ್ದು 3 ಘನ ಅಂಗುಲದ ತುಂಡಿನಿಂದ, ಬಡಿದಿರುವ ತುಂಡಿನ ಅಂದಾಜು 1920 ಘನ ಅಂಗುಲ. ಅಂದರೆ 640 ಪಟ್ಟು ದೊಡ್ಡದು! ಹಾಗಿದ್ದ ಮೇಲೆ ಆ ಹಳೆಯ ಪರೀಕ್ಷೆಯನ್ನು ನಂಬಿ ಧೈರ್ಯದಿಂದಿರುವುದು ಹೇಗೆ?

ಫೆಬ್ರವರಿ 1ರಂದು ಕೆಳಗಿಳಿಯುವಾಗ ನೌಕೆ ಛಿದ್ರವಾಯಿತು. ಏಳು ಜನ ಹೋದರು. ಆ ವರ್ಷ ಆಗಸ್ಟಿನಲ್ಲಿ ಬಂದ ತನಿಖಾ ಮಂಡಳಿಯ ವರದಿ ಈ ಸ್ಲೈಡಿಗೆ ಪ್ರತ್ಯೇಕವಾಗಿ ಜಾಗ ಕೊಟ್ಟಿತು. ಹಿರಿಯ ಅಧಿಕಾರಿಯೊಬ್ಬರು ಇದನ್ನು ಓದಿಯೂ ಪ್ರಾಣಾಪಾಯದ ಸಂಗತಿ ಎಂದು ತಿಳಿಯದೆ ಹೋಗುವುದು ಸುಲಭ ಎಂಬ ಅರ್ಥದ ಮಾತು ಬರೆಯಿತು. ಅಂಕಿಅಂಶಗಳನ್ನು ಚಿತ್ರವಾಗಿ ತೋರಿಸುವ ವಿದ್ಯೆಯಲ್ಲಿ ಪಂಡಿತರಾದ ಎಡ್ವರ್ಡ್ ಟಫ್ಟಿ ಆ ಸ್ಲೈಡನ್ನು ಸಾಲು ಸಾಲಾಗಿ ಬಿಡಿಸಿ ತೋರಿಸಿದರು. ಒಂದು ಸ್ಲೈಡೇ ನೌಕೆಯನ್ನು ಬೀಳಿಸಿತು ಎಂದರೆ ಅತಿಶಯೋಕ್ತಿಯಾದೀತು. ಬೀಳಿಸಿದ್ದು ರೆಕ್ಕೆಗೆ ಬಿದ್ದ ಪೆಟ್ಟು, ಅದರ ಹಿಂದೆ ಇದ್ದದ್ದು ಕಚೇರಿಯ ಅವಸರ, ಅಸಡ್ಡೆ. ಆದರೆ ಎಚ್ಚರಿಕೆಯ ಗಂಟೆ ಬಾರಿಸಬೇಕಾದಲ್ಲಿ ಆ ಸ್ಲೈಡು ಜೋಗುಳ ಹಾಡಿತು. ನಲವತ್ತಮೂರನೆಯ ಸ್ಲೈಡು ನೋಡಿದ್ದ ನನಗೆ ಅದು ಪರಿಚಿತ ರಾಗವೇ ಅನ್ನಿಸಿತು.

ಎಲ್ಲಿ ತಪ್ಪುತ್ತದೆ? ದಿನಸಿ ಅಂಗಡಿಗೆ ಕಳಿಸುವ ಚೀಟಿ ನೆನಪು ಮಾಡಿಕೊಳ್ಳಿ. ಬೇಳೆ, ಬೆಲ್ಲ, ಸೋಪು, ಊದಿನಕಡ್ಡಿ. ಅದು ನಮ್ಮ ನೆನಪಿಗಾಗಿ ಬರೆದುಕೊಂಡದ್ದು. ಮನೆಗೆ ಬಂದ ನೆಂಟರಿಗೆ ಅಡಿಗೆ ಬಡಿಸದೆ ಆ ಚೀಟಿಯನ್ನೇ ಓದಿ ಹೇಳಿದರೆ ಹೇಗಿರುತ್ತದೆ? ನಮ್ಮ ಬಹುಪಾಲು ಸ್ಲೈಡುಗಳು ಇಂಥ ಚೀಟಿಗಳು. ಮಾತಾಡುವವರು ತಾವು ಮರೆಯದಿರಲೆಂದು ಬರೆದುಕೊಂಡದ್ದನ್ನು ನಮ್ಮ ಕಣ್ಣ ಮುಂದೆ ಹಿಡಿಯುತ್ತಾರೆ.

ಎರಡನೆಯದು, ಓದುವುದನ್ನೇ ಓದಿ ಹೇಳುವ ಚಾಳಿ. ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ವರ್ಷಗಟ್ಟಲೆ ಇದನ್ನು ಪರೀಕ್ಷಿಸಿದ್ದಾರೆ. ಚಿತ್ರ ತೋರಿಸಿ ಬಾಯಲ್ಲಿ ವಿವರಿಸಿದರೆ ಜನ ಚೆನ್ನಾಗಿ ಕಲಿಯುತ್ತಾರೆ. ಅದೇ ವಿವರಣೆಯನ್ನು ಅಕ್ಷರದಲ್ಲೂ ಜೊತೆಗೆ ಇಟ್ಟರೆ ಕಲಿಕೆ ಹೆಚ್ಚುವ ಬದಲು ತಗ್ಗುತ್ತದೆ. ಕಣ್ಣು ಒಂದು ವೇಗದಲ್ಲಿ ಓದುತ್ತದೆ, ಕಿವಿ ಇನ್ನೊಂದು ವೇಗದಲ್ಲಿ ಕೇಳುತ್ತದೆ. ಎರಡಕ್ಕೂ ಜಗಳ ಹತ್ತಿ ಮನಸ್ಸು ಎದ್ದು ಹೊರಗೆ ಹೋಗುತ್ತದೆ. ಮೂಲೆಮನೆ ಅಕ್ಕನ ಮನಸ್ಸು ಹೋದದ್ದೂ ಹೀಗೆಯೇ.

ಇದನ್ನು ನಮ್ಮ ಹಿರಿಯರು ಪರೀಕ್ಷೆ ಮಾಡದೆಯೇ ಬಲ್ಲವರಾಗಿದ್ದರು. ನಾನು ಚಿಕ್ಕವಳಿದ್ದಾಗ ಅಜ್ಜನ ಮನೆಯ ಪಡಸಾಲೆಯಲ್ಲಿ ಗಮಕ ನಡೆಯುತ್ತಿತ್ತು. ಗಮಕಿಗಳು ಕುಮಾರವ್ಯಾಸನ ಒಂದು ಷಟ್ಪದಿ ಹಾಡಿ ನಿಲ್ಲಿಸುವರು. ಆಗ ಪಕ್ಕದಲ್ಲಿ ಕೂತ ವ್ಯಾಖ್ಯಾನಕಾರರು ಮಾತು ಶುರು ಮಾಡುವರು. ಹಾಡುವಾಗ ಮಾತಿಲ್ಲ, ಮಾತಾಡುವಾಗ ಹಾಡಿಲ್ಲ. ಹಾಡಿದ ಪದವನ್ನೇ ವ್ಯಾಖ್ಯಾನಕಾರರು ಗಿಣಿಯ ಹಾಗೆ ಒಪ್ಪಿಸುತ್ತಲೂ ಇರಲಿಲ್ಲ. ಪದ್ಯದಲ್ಲಿ ಮುಚ್ಚಿಟ್ಟದ್ದನ್ನು ಬಿಚ್ಚಿ, ನಮ್ಮೂರಿನ ಹೋಲಿಕೆ ಕೊಟ್ಟು, ನಗಿಸಿ, ಮತ್ತೆ ಗಮಕಿಗಳ ಕೈಗೆ ಕಥೆ ಕೊಡುವರು. ಹರಳೆಣ್ಣೆ ದೀಪದ ಬೆಳಕಿನಲ್ಲಿ ಮಧ್ಯರಾತ್ರಿಯವರೆಗೂ ಯಾರೂ ತೂಕಡಿಸುತ್ತಿರಲಿಲ್ಲ. ಸ್ಲೈಡು ಗಮಕಿಯಾಗಬೇಕು, ಮಾತು ವ್ಯಾಖ್ಯಾನವಾಗಬೇಕು. ಇಬ್ಬರೂ ಒಟ್ಟಿಗೆ ಒಂದೇ ಸಾಲು ಕೂಗಿದರೆ ಅದು ಬರಿ ಗದ್ದಲ.

ಪರದೆಗೂ ನಮಗೂ ನಂಟಿಲ್ಲದೆ ಇಲ್ಲ. ನಮ್ಮ ತೊಗಲುಗೊಂಬೆಯಾಟದ ದೊಡ್ಡ ಗೊಂಬೆಗಳಲ್ಲಿ ಒಂದೇ ತೊಗಲಿನ ಮೇಲೆ ಒಂದಿಡೀ ಸನ್ನಿವೇಶ ಇರುತ್ತದೆ. ಹಿಂದೆ ದೀಪ, ಮುಂದೆ ನೆರಳು. ಅದರ ಮೇಲೆ ಅಕ್ಷರವೇ ಇಲ್ಲ. ಕಥೆ ಇರುವುದು ಆಡಿಸುವವರ ದನಿಯಲ್ಲಿ. ಹೇಳುವುದು ಮುಗಿಯುವವರೆಗೆ ಗೊಂಬೆ ನಿಲ್ಲುತ್ತದೆ, ಮುಗಿದ ಮೇಲೆ ಇನ್ನೊಂದು ಬರುತ್ತದೆ. ಒಂದು ಗೊಂಬೆ, ಒಂದು ಮಾತು. ಇದಕ್ಕಿಂತ ಒಳ್ಳೆಯ ಸ್ಲೈಡಿನ ಪಾಠ ನನಗೆ ಎಲ್ಲೂ ಸಿಕ್ಕಿಲ್ಲ.

ಹಾಗೆಂದು ಅಂಕಿಅಂಶ ಬೇಡವೇ ಬೇಡ ಎಂದಲ್ಲ. ಫ್ಲಾರೆನ್ಸ್ ನೈಟಿಂಗೇಲ್ ಎಂದರೆ ನಮಗೆ ದೀಪ ಹಿಡಿದ ದಾದಿ ಮಾತ್ರ ನೆನಪಾಗುತ್ತಾಳೆ. ಆಕೆ ಲೆಕ್ಕದಲ್ಲಿಯೂ ಗಟ್ಟಿಗಿತ್ತಿ. ಕ್ರಿಮಿಯಾ ಯುದ್ಧದಲ್ಲಿ ಸೈನಿಕರು ಸತ್ತದ್ದು ಗಾಯಗಳಿಂದಲ್ಲ, ಹೆಚ್ಚಿನವರು ತಡೆಯಬಹುದಾಗಿದ್ದ ರೋಗಗಳಿಂದ ಎಂದು ಆಕೆ ಸರ್ಕಾರಕ್ಕೆ ಮನಗಾಣಿಸಬೇಕಿತ್ತು. ಕೋಷ್ಟಕ ಕೊಟ್ಟರೆ ಓದುವವರು ಯಾರು? 1858ರಲ್ಲಿ ಹೂವಿನ ಎಸಳಿನ ಹಾಗೆ ಕಾಣುವ ಚಿತ್ರ ಬರೆಸಿದಳು. ತಿಂಗಳಿಗೊಂದು ಎಸಳು. ರೋಗಕ್ಕೆ ನೀಲಿ, ಗಾಯಕ್ಕೆ ಕೆಂಪು, ಉಳಿದದ್ದಕ್ಕೆ ಕಪ್ಪು. ನೋಡಿದ ಕೂಡಲೇ ನೀಲಿ ಕಣ್ಣಿಗೆ ಹೊಡೆಯುತ್ತದೆ. ಕೊನೆಯ ಸಾಲಿನಲ್ಲಿ ಅಡಗಬಹುದಾಗಿದ್ದ ಸತ್ಯವನ್ನು ಆಕೆ ಹಾಳೆಯ ತುಂಬ ಅರಳಿಸಿಬಿಟ್ಟಳು. ನಮ್ಮ ಕಾಲದಲ್ಲಿ ಸ್ವೀಡನ್ನಿನ ಡಾಕ್ಟರ್ ಹಾನ್ಸ್ ರೋಸ್ಲಿಂಗ್ 2006ರ ಒಂದು ಭಾಷಣದಲ್ಲಿ ದೇಶಗಳ ಆರೋಗ್ಯದ ಲೆಕ್ಕವನ್ನು ಪರದೆಯ ಮೇಲೆ ಓಡಾಡುವ ಗುಳ್ಳೆಗಳಾಗಿ ತೋರಿಸಿದರು. ಪಂದ್ಯದ ವೀಕ್ಷಕ ವಿವರಣೆ ಕೊಡುವವರ ಹಾಗೆ ಗುಳ್ಳೆಗಳ ಹಿಂದೆ ಓಡಾಡಿ, ಕೈ ಬೀಸಿ ಹೇಳಿದರು. ಸಲಕರಣೆ ಕೆಟ್ಟದ್ದಲ್ಲ ಎಂಬುದಕ್ಕೆ ಇವರಿಬ್ಬರೇ ಸಾಕ್ಷಿ.

ಇಷ್ಟೆಲ್ಲ ಬಲ್ಲೆನೆಂಬ ಜಂಬ ನನಗಿತ್ತು. 2018ರಲ್ಲಿ ಸಮಾಜದವರು ಹತ್ತಿರದ ಹಳ್ಳಿಯಲ್ಲಿ ಇದೇ ವಿಷಯದ ಕಾರ್ಯಕ್ರಮ ಇಟ್ಟುಕೊಂಡು, ಆರೋಗ್ಯ ಕೇಂದ್ರದ ನರ್ಸಮ್ಮನ ಜೊತೆ ಮಾತಾಡಲು ನನ್ನನ್ನೇ ಒಪ್ಪಿಸಿದಾಗ ಜಂಬ ಇಳಿಯಿತು. ವಾರವಿಡೀ ಕೂತು ಇಪ್ಪತ್ತೆಂಟು ಸ್ಲೈಡು ಮಾಡಿದೆ. ಗುಲಾಬಿ ಹಿನ್ನೆಲೆ, ಅಂಚಿನಲ್ಲಿ ಹೂಬಳ್ಳಿ, ಅಕ್ಷರಗಳು ಎಡದಿಂದ ಹಾರಿ ಬರುವುದು, ಬಲದಿಂದ ಉರುಳಿ ಬರುವುದು. ಮಗಳು ನೋಡಿ, “ಅಮ್ಮಾ, ಇದೇನು ಮದುವೆ ಕಾಗದವಾ?” ಎಂದಳು. ಅಕ್ಕನನ್ನು ಕರೆದು ತೋರಿಸಿದೆ. ಮೂರನೆಯ ಸ್ಲೈಡಿಗೇ ಅವರು, “ನೀನು ಹೇಳೋದು ಕೇಳಲಾ, ಅದನ್ನ ಓದಲಾ? ಎರಡರಲ್ಲಿ ಒಂದು ಹೇಳೇ,” ಎಂದರು. ಮೇಯರ್ ಸಾಹೇಬರ ಸಂಶೋಧನೆಯೆಲ್ಲ ಆ ಒಂದು ಪ್ರಶ್ನೆಯಲ್ಲಿತ್ತು.

ಅಂದು ರಾತ್ರಿ ಅಕ್ಕನೇ ಕೂತು ಕತ್ತರಿ ಹಾಕಿಸಿದರು. “ಇದು ಗೊತ್ತಿದ್ದಿದ್ದರೆ ನಾನು ಮೊದಲೇ ಹೋಗ್ತಿದ್ದೆನಾ?” ಇದೊಂದೇ ಅವರ ಒರೆಗಲ್ಲು. ಕ್ಯಾನ್ಸರ್ ಎಷ್ಟು ಬಗೆ, ಯಾವ ದೇಶದಲ್ಲಿ ಎಷ್ಟು, ಜೀವಕೋಶ ಹೇಗೆ ಒಡೆಯುತ್ತದೆ, ಎಲ್ಲ ಹೋದವು. ಕೊನೆಗೆ ಉಳಿದದ್ದು ಒಂಬತ್ತು. ತಲೆಬರಹಗಳನ್ನು ತಿದ್ದಿದೆವು. ‘ರೋಗಲಕ್ಷಣಗಳು’ ಎಂದು ಬರೆದರೆ ಅದು ಡಬ್ಬಿಯ ಮೇಲಿನ ಚೀಟಿ, ಒಳಗೇನಿದೆ ಎಂದು ಮುಚ್ಚಳ ತೆಗೆದೇ ನೋಡಬೇಕು. ಅದರ ಬದಲು ‘ನೋವಿಲ್ಲದ ಗಂಟನ್ನೂ ಡಾಕ್ಟರಿಗೆ ತೋರಿಸಿ’ ಎಂದು ಇಡೀ ವಾಕ್ಯವನ್ನೇ ತಲೆಬರಹ ಮಾಡಿದೆವು, ಕೆಳಗೆ ಒಂದು ರೇಖಾಚಿತ್ರ, ಬೇರೇನೂ ಇಲ್ಲ. ಮುಂದಿನದರಲ್ಲಿ ಚರ್ಮ ಗುಳಿ ಬೀಳುವುದು, ಅದರ ಮುಂದಿನದರಲ್ಲಿ ತೊಟ್ಟು ಒಳಕ್ಕೆ ಸರಿಯುವುದು ಅಥವಾ ಅದರಿಂದ ಸ್ರಾವ ಬರುವುದು. ಒಂದು ಸ್ಲೈಡಿಗೆ ಒಂದೇ ಮಾತು. ಹಿಂದಿನ ಸಾಲಿನ ಅಜ್ಜಿಗೂ ಕಾಣುವಷ್ಟು ದೊಡ್ಡ ಕನ್ನಡ ಅಕ್ಷರ, ಬಿಳಿಯ ಮೇಲೆ ಕಪ್ಪು. ಹಾರುವುದು ಉರುಳುವುದು ಬಂದ್. ವಿವರವೆಲ್ಲ ಒಂದು ಪುಟದ ಕರಪತ್ರಕ್ಕೆ ಹೋಯಿತು, ಮನೆಗೆ ಒಯ್ದು ಓದಲಿ ಎಂದು. ಓದುವ ಕಾಗದವೇ ಬೇರೆ, ನೋಡುವ ಪರದೆಯೇ ಬೇರೆ. ಎರಡನ್ನೂ ಒಂದರಲ್ಲೇ ಮುಗಿಸುವ ಜಿಪುಣತನದಿಂದ ಎರಡೂ ಕೆಡುತ್ತವೆ.

ಮಗಳು ಒಂದು ಗುಟ್ಟು ಹೇಳಿಕೊಟ್ಟಳು. ಸ್ಲೈಡು ಓಡುತ್ತಿರುವಾಗ ಕೀಲಿಮಣೆಯಲ್ಲಿ ‘ಬಿ’ ಒತ್ತಿದರೆ ಪರದೆ ಕಪ್ಪಾಗುತ್ತದೆ, ಮತ್ತೆ ಒತ್ತಿದರೆ ಬರುತ್ತದೆ. ಪರದೆ ಕಪ್ಪಾದ ಕೂಡಲೇ ಎಲ್ಲರ ಮುಖವೂ ಮಾತಾಡುವವರ ಕಡೆ ತಿರುಗುತ್ತದಂತೆ. ಅಬ್ಬಾ, ಇಷ್ಟು ವರ್ಷ ಆ ಗುಂಡಿ ಅಲ್ಲೇ ಇದ್ದರೂ ಒಬ್ಬ ಉಪನ್ಯಾಸಕರೂ ಒತ್ತಿದ್ದನ್ನು ನಾನು ಕಾಣೆ!

ಹಳ್ಳಿಯಲ್ಲಿ ಶಾಲೆಯ ಕೋಣೆ. ಬೆಳಿಗ್ಗೆ ಹತ್ತೂವರೆಗೆ ಇಟ್ಟುಕೊಂಡಿದ್ದೆವು, ಊಟದ ಮೇಲೆ ಬೇಡವೆಂದು ನಾನೇ ಹಟ ಮಾಡಿದ್ದೆ. ಪರದೆಯ ಪಕ್ಕದ ಕಿಟಕಿಗಷ್ಟೇ ಬಟ್ಟೆ ಕಟ್ಟಿ, ಉಳಿದದ್ದು ತೆರೆದಿಟ್ಟೆವು. ಮುಖ ಕಾಣದೆ ಮಾತಾಡುವುದು ನನಗಾಗದು. ಐದನೆಯ ಸ್ಲೈಡು ಮುಗಿಯುವಷ್ಟರಲ್ಲಿ ಕರೆಂಟು ಹೋಯಿತು. ಸಂಘಟಕರು ಗಾಬರಿಯಿಂದ ಜನರೇಟರ್ ಹುಡುಕಲು ಓಡಿದರು. ನನಗೂ ಒಂದು ಗಳಿಗೆ ಕೈಕಾಲು ಆಡಲಿಲ್ಲ. ನಾನು ಏನೂ ಕೇಳಿಕೊಂಡಿರಲಿಲ್ಲ, ಆದರೆ ಮುಂದಿನ ಸಾಲಿನಲ್ಲಿ ಕೂತಿದ್ದ ಅಕ್ಕ ಎದ್ದು ನಿಂತರು. ಕೂದಲು ಆಗ ಕುತ್ತಿಗೆಯವರೆಗೆ ಬೆಳೆದಿತ್ತು.

“ನನಗೆ ಇತ್ತು ಕಣ್ರಮ್ಮಾ ಗಂಟು,” ಎಂದರು. “ಒಂದು ಚೂರೂ ನೋವಿರಲಿಲ್ಲ. ಅದಕ್ಕೇ ಸುಮ್ಮನಿದ್ದೆ. ನೀವು ಸುಮ್ಮನಿರಬೇಡಿ.”

ಮೂರು ನಾಲ್ಕು ವಾಕ್ಯ, ಅಷ್ಟೇ. ಆಮೇಲೆ ನರ್ಸಮ್ಮ ಉಳಿದದ್ದನ್ನು ಕೈಸನ್ನೆಯಲ್ಲೇ ವಿವರಿಸಿದರು. ಪ್ರಶ್ನೆಗಳು ಬಂದವು, ಬೈರಾಸು ಬಾಯಿಗೆ ಹಿಡಿದು ನಗು ಬಂತು, ನಡುವೆ ಒಬ್ಬಳ ಅಳುವೂ ಬಂತು. ಕರೆಂಟು ಬಂದಾಗ ಯಾರೂ ಪರದೆಯ ಕಡೆ ನೋಡಲಿಲ್ಲ. ಎದ್ದು ಹೊರಡುವ ಹೊತ್ತಿಗೆ ನಡುವಯಸ್ಸಿನ ಒಬ್ಬಾಕೆ ನರ್ಸಮ್ಮನ ಸೀರೆಯ ಸೆರಗು ಹಿಡಿದು ಪಕ್ಕಕ್ಕೆ ಕರೆದದ್ದನ್ನು ನೋಡಿದೆ. ಏನು ಕೇಳಿದಳೋ ನಾನು ವಿಚಾರಿಸಲಿಲ್ಲ, ಅದು ಅವರಿಬ್ಬರ ಮಾತು.

ಆ ದಿನದಿಂದ ಯಾರ ಸ್ಲೈಡು ನೋಡಿದರೂ ಮನಸ್ಸಿನಲ್ಲೇ ಒಮ್ಮೆ ಕರೆಂಟು ತೆಗೆದು ನೋಡುತ್ತೇನೆ. ಪರದೆ ಹೋದ ಮೇಲೂ ಹೇಳುವ ಮಾತು ಉಳಿದಿದ್ದರೆ ಆ ಸ್ಲೈಡುಗಳು ಒಳ್ಳೆಯವು. ನಿಮ್ಮ ಮಗನೋ ಸೊಸೆಯೋ ಆಫೀಸಿಗೆಂದು ರಾತ್ರಿ ಕೂತು ಸ್ಲೈಡು ಮಾಡುತ್ತಿದ್ದರೆ ಹತ್ತಿರ ಹೋಗಿ ಕೊನೆಯ ಸಾಲನ್ನು ಓದಿ ನೋಡಿ. ಅಲ್ಲಿ ಮುಖ್ಯವಾದದ್ದೇನಾದರೂ ಇದ್ದರೆ ಮೇಲಕ್ಕೆ ತರಲು ಹೇಳಿ. ಮೂಲೆಮನೆ ಅಕ್ಕ ಈಗಲೂ ಕರಿಬೇವಿಗೆ ಬರುತ್ತಾರೆ. ಜಡೆ ಮೊದಲಿನಷ್ಟು ಉದ್ದವಿಲ್ಲ, ಆದರೆ ಹೂವು ಮುಡಿಯುವಷ್ಟಿದೆ.